ಯಾರಿಗೆ ಯಾವ ಊಟ ಹಿತ

ಕಷ್ಟದಲ್ಲಿರುವವರ ಮುಂದೆ ಮಾತು ಸೋತಾಗ ನಮ್ಮಲ್ಲಿ ಬಹಳ ಮಂದಿ ಅಡುಗೆಮನೆಯ ಕಡೆ ಹೆಜ್ಜೆ ಹಾಕುತ್ತೇವೆ. ಜ್ವರದಿಂದ ಎದ್ದವರಿಗೆ, ಕೆಲಸ ಕಳೆದುಕೊಂಡವರಿಗೆ, ಮನೆಯಲ್ಲಿ ಸಾವು ಕಂಡವರಿಗೆ, ಪರೀಕ್ಷೆ ಮುಗಿಸಿ ಬಸವಳಿದು ಬಂದ ಮಕ್ಕಳಿಗೆ ಏನನ್ನಾದರೂ ಬಿಸಿಬಿಸಿಯಾಗಿ ಬೇಯಿಸಿ ಕೊಡಬೇಕೆಂಬ ತುಡಿತ ಯೋಚನೆಗಿಂತ ಮೊದಲೇ ಹುಟ್ಟಿಬಿಡುತ್ತದೆ. ಹಾಗೆ ಕೊಟ್ಟ ಊಟ ಅವರ ಮನಸ್ಸಿಗೆ ಹಿತವಾಯಿತೆಂದೇ ನಾವು ನಂಬುತ್ತೇವೆ. ತಟ್ಟೆ ಖಾಲಿಯಾದರೆ ಆ ನಂಬಿಕೆಗೆ ಪುರಾವೆಯೂ ಸಿಕ್ಕಂತಾಗುತ್ತದೆ. ಬಹುಕಾಲದಿಂದ ಮನೆಯವರಿಗೂ ಗೆಳೆಯರಿಗೂ ಅಡುಗೆ ಮಾಡುತ್ತ ಬಂದಿರುವ ನನಗೆ ಈ ನಂಬಿಕೆಯನ್ನು ಸ್ವಲ್ಪ ಕೆದಕಿ ನೋಡಬೇಕೆನಿಸುತ್ತದೆ. ಹಿತ ಇರುವುದು ಪಾತ್ರೆಯೊಳಗಿನ ಪದಾರ್ಥದಲ್ಲೋ, ಉಣ್ಣುವವರ ನೆನಪಿನಲ್ಲೋ, ಬಡಿಸಿದವರ ಇರವಿನಲ್ಲೋ?

ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರೂ ಕೇಳಿಕೊಂಡಿದ್ದಾರೆ. 2014ರಲ್ಲಿ ಪ್ರಕಟವಾದ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಟ್ರೇಸಿ ಮ್ಯಾನ್ ಮತ್ತು ಸಂಗಡಿಗರ ಅಧ್ಯಯನವೊಂದು ನಮ್ಮಂಥ ಅಡುಗೆಯವರ ಹುಮ್ಮಸ್ಸಿಗೆ ತಣ್ಣೀರೆರಚುವಂಥದ್ದು. ಪಾಲ್ಗೊಂಡವರಿಗೆ ಮನಸ್ಸು ಕದಡುವ ಚಿತ್ರದ ತುಣುಕುಗಳನ್ನು ತೋರಿಸಿ, ಬಳಿಕ ಕೆಲವರಿಗೆ ಅವರೇ ಸಮಾಧಾನ ಕೊಡುತ್ತದೆಂದು ಹೇಳಿದ್ದ ತಿನಿಸನ್ನು, ಕೆಲವರಿಗೆ ಬೇರೆ ತಿನಿಸನ್ನು ಕೊಟ್ಟರು. ಇನ್ನು ಕೆಲವರಿಗೆ ಏನನ್ನೂ ಕೊಡಲಿಲ್ಲ. ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಿಳಿಯಾಯಿತು. ಏನನ್ನೂ ತಿನ್ನದೆ ಸುಮ್ಮನೆ ಕುಳಿತವರೂ ಹಿಂದೆ ಬೀಳಲಿಲ್ಲ. ಅಂದರೆ ತಾನಾಗಿಯೇ ಇಳಿಯುತ್ತಿದ್ದ ಬೇಗೆಯನ್ನು ಇಳಿಸಿದ ಕೀರ್ತಿಯನ್ನು ಊಟ ಸುಮ್ಮನೆ ಹೊತ್ತುಕೊಳ್ಳುತ್ತಿತ್ತು.

ಇದಕ್ಕೆ ಮೂರು ವರ್ಷ ಮೊದಲು, 2011ರಲ್ಲಿ, ಜೋರ್ಡನ್ ಟ್ರೊಯ್ಸಿ ಮತ್ತು ಶೀರಾ ಗೇಬ್ರಿಯಲ್ ಎಂಬ ಸಂಶೋಧಕರು ಬೇರೊಂದು ದಾರಿಯಲ್ಲಿ ಹೋಗಿದ್ದರು. ಅವರು ಮನಸ್ಸು ಸರಿಹೋಯಿತೇ ಎಂದು ಕೇಳುವ ಬದಲು ಒಂಟಿತನ ಕಡಿಮೆಯಾಯಿತೇ ಎಂದು ನೋಡಿದರು. ಆಪ್ತರೊಡನೆ ಆಡಿದ ಜಗಳವನ್ನು ಬರೆದು ಮನಸ್ಸು ಕಹಿ ಮಾಡಿಕೊಂಡವರಿಗೆ, ತಮಗೆ ಸಮಾಧಾನ ಕೊಡುವ ಊಟದ ಬಗ್ಗೆ ಬರೆಯುವುದರಿಂದ ಒಂಟಿತನ ಇಳಿಯುವುದು ಕಂಡುಬಂತು. ಇನ್ನೊಂದು ಪ್ರಯೋಗದಲ್ಲಿ, ಕೋಳಿ ಸೂಪನ್ನು ಸಮಾಧಾನದ ಊಟವೆಂದು ಭಾವಿಸುವವರು ಅದನ್ನು ಕುಡಿದ ಮೇಲೆ, ಅರ್ಧ ಬರೆದ ಪದಗಳನ್ನು ಪೂರ್ತಿ ಮಾಡುವಾಗ ಸಂಬಂಧಗಳಿಗೆ ಸೇರಿದ ಪದಗಳನ್ನೇ ಹೆಚ್ಚಾಗಿ ತುಂಬಿದರು. ಆದರೆ ಒಂಟಿತನ ಇಳಿದ ಆ ಫಲ ಎಲ್ಲರಲ್ಲಿಯೂ ಕಾಣಲಿಲ್ಲ. ಆಪ್ತರ ಮೇಲೆ ಭರವಸೆಯಿಟ್ಟು ಬೆಳೆದವರಲ್ಲಿ ಮಾತ್ರ ಕಂಡಿತು.

ಈ ಎರಡು ಅಧ್ಯಯನಗಳು ಒಂದನ್ನೊಂದು ಅಲ್ಲಗಳೆಯುತ್ತವೆಂದು ನನಗೆ ಅನ್ನಿಸುವುದಿಲ್ಲ. ಪ್ರಯೋಗಶಾಲೆಯಲ್ಲಿ ಅಪರಿಚಿತರು ಕೈಗಿತ್ತ ತಿನಿಸಿಗೆ, ಅದು ಎಷ್ಟೇ ಪ್ರಿಯವಾದುದಾಗಿದ್ದರೂ, ಸಾಂತ್ವನದ ಶಕ್ತಿ ಇರಲಿಲ್ಲ; ಊಟದ ಹಿಂದೆ ನಿಂತಿದ್ದ ಮನುಷ್ಯರ ನೆನಪು ಮಾಡಿಕೊಂಡವರಿಗೆ, ಕೆಲವೊಮ್ಮೆ ಬಾಯಿಗೆ ತುತ್ತೇ ಹೋಗದಿದ್ದರೂ, ಆ ಶಕ್ತಿ ದಕ್ಕಿತು. ಮನೆಯ ಅಡುಗೆ ಹಿತವಾಗುವುದು ಅದು ಒಂದು ಸಂಬಂಧವನ್ನು ಹೊತ್ತು ತರುವುದರಿಂದ ಎಂದು ನಾನು ತಿಳಿದಿದ್ದೇನೆ. ಸಂಬಂಧವೇ ಕಹಿಯಾಗಿದ್ದರೆ ಊಟವೂ ಆ ಕಹಿಯನ್ನೇ ತರುತ್ತದೆ. ಬಾಲ್ಯದ ಅಡುಗೆಮನೆಯ ನೆನಪು ಎಲ್ಲರಿಗೂ ಬೆಚ್ಚಗಿರುತ್ತದೆಂದು ಬರೆಯುವವರನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಬೈಗುಳದ ಜೊತೆ ಬಡಿಸಿದ ಊಟ, ಹಂಗಿನ ಅನ್ನ, ಲೆಕ್ಕ ಹಾಕಿ ಕೊಟ್ಟ ತುತ್ತು ಉಂಡು ಬೆಳೆದವರು ಎಲ್ಲ ಕಡೆ ಇದ್ದಾರೆ. ಅವರಿಗೆ ಆ ಪದಾರ್ಥದ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ.

ಆದ್ದರಿಂದಲೇ ಇನ್ನೊಬ್ಬರಿಗೆ ಹಿತವಾಗಲೆಂದು ಅಡುಗೆ ಮಾಡಲು ಹೊರಟವರು ಮೊದಲು ಕೇಳಿ ತಿಳಿದುಕೊಳ್ಳಬೇಕು. ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ನಮಗೆ ಯಾವುದು ಹಿತವೋ ಅದನ್ನೇ, ನಮ್ಮ ಅಮ್ಮನೋ ಅಜ್ಜಿಯೋ ನಮಗೆ ಮಾಡಿಕೊಡುತ್ತಿದ್ದುದನ್ನೇ, ಡಬ್ಬಿಗೆ ತುಂಬಿಕೊಂಡು ಹೋಗುತ್ತೇವೆ. ಪಡೆದವರು ನಮ್ಮ ಪ್ರೀತಿಯನ್ನು ಅರ್ಥ ಮಾಡಿಕೊಂಡು ಎರಡು ತುತ್ತು ತಿನ್ನುತ್ತಾರೆ. ನಿಜವಾಗಿ ನಡೆದದ್ದೇನೆಂದರೆ, ನಮ್ಮ ಸಮಾಧಾನವನ್ನು ನಾವೇ ಬೇಯಿಸಿಕೊಂಡು ಅವರ ಮನೆಗೆ ಒಯ್ದಿದ್ದೇವೆ. "ಏನು ತಿನ್ನುತ್ತೀರಿ?" ಎಂದು ಕೇಳಿದರೂ ಪ್ರಯೋಜನವಿಲ್ಲ, "ಏನಾದರೂ ಆದೀತು, ತೊಂದರೆ ತೆಗೆದುಕೊಳ್ಳಬೇಡಿ" ಎಂಬ ಸಂಕೋಚದ ಉತ್ತರವೇ ಬರುತ್ತದೆ. ಅದಕ್ಕಿಂತ, "ಚಿಕ್ಕವರಿದ್ದಾಗ ಜ್ವರ ಬಂದರೆ ನಿಮ್ಮ ಮನೆಯಲ್ಲಿ ಏನು ಮಾಡಿಕೊಡುತ್ತಿದ್ದರು?" ಎಂದು ಕೇಳಿ ನೋಡಿ. ಜನ ಈ ಪ್ರಶ್ನೆಗೆ ಬಲು ವಿವರವಾಗಿ ಉತ್ತರಿಸುತ್ತಾರೆ. ಪದಾರ್ಥದ ಹೆಸರಿನ ಜೊತೆಗೆ ಅದು ತೆಳ್ಳಗಿತ್ತೋ ಗಟ್ಟಿಯಾಗಿತ್ತೋ, ಯಾವ ಬಟ್ಟಲಿನಲ್ಲಿ ಬರುತ್ತಿತ್ತು, ಯಾರು ಊದಿ ಆರಿಸಿ ಕೊಡುತ್ತಿದ್ದರು ಎನ್ನುವುದೆಲ್ಲ ತಾನೇ ಹೊರಬರುತ್ತದೆ. ಒಮ್ಮೊಮ್ಮೆ ಆ ಮಾತುಕತೆಯಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಊಟದ ನೆನಪು ಹೀಗೆ ಅಂಟಿಕೊಳ್ಳುವುದಕ್ಕೆ ದೇಹದಲ್ಲಿಯೇ ಏರ್ಪಾಡಿದೆ. ನಾವು ನಾಲಿಗೆಯ ರುಚಿ ಎಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಮೂಗಿನದು; ಅಗಿಯುವಾಗ ಎದ್ದ ಆವಿ ಬಾಯಿಯ ಹಿಂಬದಿಯಿಂದ ಮೂಗಿಗೇರುತ್ತದೆ. ವಾಸನೆಯ ನರಗಳು ತಂದ ಸುದ್ದಿ, ನೋಟ ಮತ್ತು ಶಬ್ದಗಳ ಹಾಗೆ ಸುತ್ತು ದಾರಿ ಹಿಡಿಯದೆ, ಮಿದುಳಿನಲ್ಲಿ ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಿಗೆ ಬಹಳ ಹತ್ತಿರದಿಂದ ತಲುಪುತ್ತದೆ. ಈ ಕಲಿಕೆ ಹುಟ್ಟುವ ಮೊದಲೇ ಶುರುವಾಗಿರುತ್ತದೆ. ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿನ ಕೊನೆಯ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದಿದ್ದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ಬೆರೆಸಿದ ಆಹಾರವನ್ನು ಮೊದಲ ಸಲ ತಿಂದಾಗ ಅಷ್ಟಾಗಿ ಮುಖ ಸಿಂಡರಿಸಲಿಲ್ಲ. ತಾಯಿಯ ತಟ್ಟೆಯಲ್ಲಿದ್ದುದು ಮಗುವಿಗೆ ಆಗಲೇ ಪರಿಚಯದ ರುಚಿಯಾಗಿತ್ತು.

ಹಿತವಾದ ಅಡುಗೆಗೆ ಹೊತ್ತು ಬೇಕು ಎನ್ನುತ್ತಾರೆ. ಇದು ಬರಿಯ ಭಾವುಕತೆಯ ಮಾತಲ್ಲ, ರಸಾಯನದ ಮಾತೂ ಹೌದು. ಈರುಳ್ಳಿಯನ್ನು ಹೊಂಬಣ್ಣಕ್ಕೆ ತಿರುಗುವವರೆಗೆ ಹುರಿಯುವುದನ್ನೇ ತೆಗೆದುಕೊಳ್ಳೋಣ. ಈರುಳ್ಳಿಯ ತೂಕದಲ್ಲಿ ಸುಮಾರು ಶೇ. 90ರಷ್ಟು ನೀರು. ಆ ನೀರು ಇರುವ ತನಕ ಬಾಣಲೆಯೊಳಗಿನ ಚೂರುಗಳು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಆದರೆ ಚೆನ್ನಾಗಿ ಕಂದು ಬಣ್ಣ ಬರಲು 140 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಮೊದಲು ಚೂರುಗಳು ಗಾಜಿನಂತೆ ಪಾರದರ್ಶಕವಾಗುತ್ತವೆ, ಚುರುಗುಟ್ಟುವ ಸದ್ದು ಜೋರಾಗಿರುತ್ತದೆ, ಏಳುವ ಆವಿಯಲ್ಲಿ ಹಸಿ ಘಾಟಿರುತ್ತದೆ. ನೀರು ಇಂಗುತ್ತ ಹೋದ ಹಾಗೆ ಸದ್ದು ಸಣ್ಣಗಾಗುತ್ತದೆ, ರಾಶಿ ಕುಸಿದು ನಾಲ್ಕನೇ ಒಂದು ಪಾಲಾಗುತ್ತದೆ, ಅಂಚುಗಳಲ್ಲಿ ಬಣ್ಣ ಕಾಣಿಸಿಕೊಳ್ಳುತ್ತದೆ, ಘಾಟಿನ ಜಾಗಕ್ಕೆ ಸಿಹಿ ಕಂಪು ಬರುತ್ತದೆ. ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ, ಸಕ್ಕರೆಗಳು ಅಮೈನೋ ಆಮ್ಲಗಳೊಡನೆ ಕೂಡುವ ಕ್ರಿಯೆ ಇದೇ. ಸಣ್ಣ ಉರಿಯಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಉರಿ ಏರಿಸಿದರೆ ಅಂಚು ಕರಕಲಾಗಿ ನಡು ಹಸಿಯಾಗಿ ಉಳಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುತ್ತದೆ, ನಿಜ. ಆದರೆ ಈರುಳ್ಳಿ ಕರಗಿ ಮುದ್ದೆಯಾಗುತ್ತದೆ, ಕೈ ಸ್ವಲ್ಪ ಜಾಸ್ತಿಯಾದರೆ ಸಾಬೂನಿನಂಥ ರುಚಿ ಇಣುಕುತ್ತದೆ. ಅವಸರದ ದಿನ ಈರುಳ್ಳಿಯ ತಂಟೆಗೆ ಹೋಗದೆ ಬೇರೆ ಏನಾದರೂ ಮಾಡುವುದೇ ಮೇಲು.

ಇನ್ನು ಅಕ್ಕಿಯ ಗಂಜಿ. ಅಕ್ಕಿ ಉಣ್ಣುವ ನಾಡುಗಳಲ್ಲೆಲ್ಲ ಕಾಯಿಲೆಯವರಿಗೆ, ಹಸುಗೂಸುಗಳಿಗೆ, ಹಲ್ಲಿಲ್ಲದವರಿಗೆ ಇದು ಯಾವುದಾದರೊಂದು ರೂಪದಲ್ಲಿ ಇದ್ದೇ ಇದೆ. ಒಂದು ಅಳತೆ ಅಕ್ಕಿಗೆ ಎಂಟು ಹತ್ತು ಅಳತೆ ನೀರು; ಮಾಡುವುದಕ್ಕೆ ಇದಕ್ಕಿಂತ ಸುಲಭವಾದದ್ದಿಲ್ಲ, ಹದ ಕೆಡಿಸುವುದಕ್ಕೂ ಇದಕ್ಕಿಂತ ಸುಲಭವಾದದ್ದಿಲ್ಲ. ಸುಮಾರು 60ರಿಂದ 80 ಡಿಗ್ರಿಯೊಳಗೆ ಕಾಳಿನ ಪಿಷ್ಟ ನೀರು ಕುಡಿದು ಉಬ್ಬುತ್ತದೆ, ಬಳಿಕ ಕಾಳು ಒಡೆದು ಪಿಷ್ಟ ಹೊರಗೆ ಸೋರಿ ನೀರನ್ನು ಗಟ್ಟಿ ಮಾಡುತ್ತದೆ. ಆಗಾಗ ಕದಡಿದರೆ ಕಾಳು ಕಾಳಿಗೆ ಉಜ್ಜಿ ಇನ್ನಷ್ಟು ನುಣುಪಾಗುತ್ತದೆ. ನಮಗೆ ಬೇಕಾದ ಹದಕ್ಕಿಂತ ತೆಳ್ಳಗಿರುವಾಗಲೇ ಒಲೆಯಿಂದ ಇಳಿಸಬೇಕು, ಏಕೆಂದರೆ ಆರುತ್ತ ಹೋದಂತೆ ಅದು ಮತ್ತೆ ಬಿಗಿಯುತ್ತದೆ. ಕಾಯಿಲೆಯವರ ಮನೆಗೆ ಒಯ್ಯುವುದಾದರೆ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಇನ್ನೂ ತೆಳ್ಳಗೆ ಮಾಡಿ, ಜೊತೆಗೆ ಬಿಸಿನೀರು ಬೆರೆಸಿಕೊಳ್ಳಲು ಹೇಳಬೇಕು.

ಕಾಯಿಲೆಯವರ ಊಟದ ಬಗ್ಗೆ ಇನ್ನೊಂದು ಮಾತು. ಕೋಳಿ ಸೂಪು ನೆಗಡಿಗೆ ಒಳ್ಳೆಯದೆಂಬ ನಂಬಿಕೆಯನ್ನು ಪರೀಕ್ಷಿಸಿದವರಿದ್ದಾರೆ. 1978ರ ಅಧ್ಯಯನವೊಂದರಲ್ಲಿ, ಬಿಸಿ ಸೂಪು ಕುಡಿದವರ ಮೂಗಿನ ಲೋಳೆ ತಣ್ಣೀರು ಕುಡಿದವರದಕ್ಕಿಂತ ಬೇಗ ಸರಿಯಿತು. 2000ದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು, ಉರಿಯೂತದ ಕಡೆಗೆ ಧಾವಿಸುವ ಒಂದು ಬಗೆಯ ಬಿಳಿ ರಕ್ತಕಣಗಳ ಚಲನೆಯನ್ನು ಸೂಪು ತಗ್ಗಿಸುತ್ತದೆಂದು ತೋರಿಸಿದರು. ಆದರೆ ಅದು ಗಾಜಿನ ಪಾತ್ರೆಯಲ್ಲಿ ನಡೆದ ಪ್ರಯೋಗ, ಮನುಷ್ಯರ ದೇಹದಲ್ಲಿ ಅಲ್ಲ. ಮದ್ದೆಂದು ಕರೆಯಲು ಇಷ್ಟು ಸಾಲದು. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಸರಳವಾದ ಇನ್ನೊಂದು ತಿಳಿವಳಿಕೆ. ಮೂಗು ಕಟ್ಟಿದವರಿಗೆ ಕಂಪು ತಲುಪುವುದಿಲ್ಲ, ಆದರೆ ಉಪ್ಪು, ಹುಳಿ, ಖಾರದ ಚುರುಕು, ಬಿಸಿ, ನುಣುಪು ಇವೆಲ್ಲ ತಲುಪುತ್ತವೆ. ಅಂಥವರಿಗೆ ಸೂಕ್ಷ್ಮ ಪರಿಮಳದ ಸೊಪ್ಪು ಸಂಬಾರಗಳನ್ನು ಹಾಕಿ ಒದ್ದಾಡುವ ಬದಲು ಒಂದಿಷ್ಟು ನಿಂಬೆರಸ, ಹದವಾದ ಉಪ್ಪು, ಗಂಟಲಿಗೆ ಹಾಯೆನಿಸುವ ಬಿಸಿ ಇದ್ದರೆ ಸಾಕು.

ವಯಸ್ಸಾದವರ ವಿಷಯ ಇದಕ್ಕೆ ಹತ್ತಿರದ್ದು, ಆದರೆ ಕಷ್ಟದ್ದು. ವಯಸ್ಸಿನ ಜೊತೆ ವಾಸನೆ ಹಿಡಿಯುವ ಶಕ್ತಿ ಕುಂದುತ್ತದೆ, ಊಟ ಸಪ್ಪೆಯೆನಿಸುತ್ತದೆ, ಕೈ ಉಪ್ಪಿನ ಕಡೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಗಾದೆಯನ್ನು ನಂಬಿ ಬೆಳೆದ ಹಿರಿಯರಿಗೆ ಇದನ್ನು ಹೇಳಿ ಗೆಲ್ಲುವುದು ಹೇಗೆ? ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಕಡಲಕಳೆಯ ಸಾರದಿಂದ ಬೇರ್ಪಡಿಸಿದ, ಊಟಕ್ಕೆ ತುಂಬು ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ಹಣ್ಣಾದ ಟೊಮ್ಯಾಟೊದಲ್ಲಿ, ಅಣಬೆಯಲ್ಲಿ ಧಾರಾಳವಾಗಿದೆ. ಅವನ್ನು ಚೆನ್ನಾಗಿ ಬಾಡಿಸಿ ಸೇರಿಸಿದರೆ ಉಪ್ಪು ಕಡಿಮೆಯಾದುದು ಅಷ್ಟಾಗಿ ಗೊತ್ತಾಗುವುದಿಲ್ಲ. ಗೊತ್ತಾದ ದಿನ ಅವರು ಹೇಳಿಯೂ ಬಿಡುತ್ತಾರೆ, ಅದನ್ನು ಕೇಳಿಸಿಕೊಳ್ಳಬೇಕು.

ಹಂಚುವುದೆಂದರೆ ಹೆಚ್ಚು ಮಾಡುವುದು, ಇಡುವುದು, ಒಯ್ಯುವುದು. ಪ್ರೀತಿ ಎಷ್ಟಿದ್ದರೂ ಇಲ್ಲಿ ಸೂಕ್ಷ್ಮಾಣುಗಳ ಲೆಕ್ಕ ಬೇರೆ. ಬೇಯಿಸಿದ ಆಹಾರವನ್ನು ಕೋಣೆಯ ಶಾಖದಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯುತ್ತವೆ. ಅನ್ನ ಬೆಚ್ಚಗೆ ಹಾಗೆಯೇ ಬಿದ್ದಿದ್ದರೆ ಮೊಳೆತು, ವಾಂತಿ ತರಿಸುವ ವಿಷ ಹುಟ್ಟಿಸುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುವುದರಿಂದ, ಉಳಿದುದನ್ನು ಅಗಲವಾದ ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ಮಗುವಿಗೆ, ಬಸುರಿಗೆ, ಚಿಕಿತ್ಸೆಯಲ್ಲಿರುವವರಿಗೆ ಕೊಡುವಾಗ ಇದರಲ್ಲಿ ರಿಯಾಯಿತಿ ಇಲ್ಲ. ಡಬ್ಬಿಯ ಮೇಲೆ ಮಾಡಿದ ದಿನವನ್ನೂ ಒಳಗೇನಿದೆ ಎನ್ನುವುದನ್ನೂ ಬರೆದು ಅಂಟಿಸಿ. ಡಬ್ಬಿಯನ್ನು ವಾಪಸು ಕೇಳಬೇಡಿ. ದುಃಖದಲ್ಲಿರುವವರಿಗೆ ತೊಳೆದು ಹಿಂದಿರುಗಿಸಬೇಕಾದ ಪಾತ್ರೆ ಇನ್ನೊಂದು ಹೊರೆ.

ಒಯ್ದು ಕೊಟ್ಟ ಮೇಲೆ ಜೊತೆಗೆ ಕೂತು ಉಣ್ಣಬೇಕೇ, ಬಾಗಿಲಲ್ಲೇ ಕೊಟ್ಟು ಬರಬೇಕೇ? ಕೆಲವರಿಗೆ ಅಳುವುದಕ್ಕೆ ಜಾಗ ಬೇಕಿರುತ್ತದೆ, ಅಂಥಲ್ಲಿ ಬಾಗಿಲಿನ ಮಾತೇ ಸಾಕು. ಉಳಿದವರ ವಿಷಯದಲ್ಲಿ ನನ್ನ ಒಲವು ಕೂತು ಉಣ್ಣುವ ಕಡೆಗೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ 2017ರಲ್ಲಿ ಪ್ರಕಟಿಸಿದ ಬ್ರಿಟನ್ನಿನ ಸಮೀಕ್ಷೆಯಲ್ಲಿ, ಇತರರೊಡನೆ ಹೆಚ್ಚಾಗಿ ಉಣ್ಣುವವರು ಬದುಕಿನ ಬಗ್ಗೆ ಹೆಚ್ಚು ನೆಮ್ಮದಿ ತೋರಿದರು, ಆಪತ್ತಿಗೆ ಆಗುವ ಗೆಳೆಯರು ತಮಗಿದ್ದಾರೆಂದರು. ಊಟದ ನಂತರ ಒಬ್ಬರಿಗೊಬ್ಬರು ಇನ್ನಷ್ಟು ಹತ್ತಿರವಾದೆವೆಂದು ಅನಿಸಿದ ಕಡೆಗಳಲ್ಲಿ ನಗುವೂ ಹಳೆಯ ದಿನಗಳ ಮೆಲುಕೂ ಹೆಚ್ಚಾಗಿದ್ದವು. ಆ ನಗು, ಆ ಮೆಲುಕು ಎರಡನ್ನೂ ನಮ್ಮಂಥ ಅಡುಗೆಯವರು ಗಮನಿಸಬೇಕು. ಜೊತೆಗೆ ಉಣ್ಣುವಾಗ ಜನ ಒಂಟಿಯಾಗಿ ಉಣ್ಣುವುದಕ್ಕಿಂತ ಹೆಚ್ಚು ಉಣ್ಣುತ್ತಾರೆಂಬುದೂ ಬಹಳ ಅಧ್ಯಯನಗಳಲ್ಲಿ ಕಂಡದ್ದು. ಹಸಿವು ಸತ್ತವರ ಎದುರು ಕೂರಲು ಇದೇ ಒಳ್ಳೆಯ ಕಾರಣ, "ಇನ್ನೊಂದು ತುತ್ತು, ನನ್ನಾಣೆ" ಎಂಬ ಬಲವಂತವಿಲ್ಲದೆಯೇ ಎರಡು ತುತ್ತು ಹೆಚ್ಚಿಗೆ ಹೋಗುತ್ತದೆ. ಬಲವಂತದ ಉಪಚಾರ ನನಗೆ ಸೇರದು. ಬೇಡವೆಂದವರ ತಟ್ಟೆಗೆ ಸುರಿಯುವುದರಲ್ಲಿ ಪ್ರೀತಿಗಿಂತ ಬಡಿಸುವವರ ಹಟವೇ ಹೆಚ್ಚು.

ಅಡುಗೆ ಮಾಡಿದವರಿಗೆ ಮಾತ್ರ ಆ ಹೊತ್ತಿಗೆ ಹಸಿವಿರುವುದಿಲ್ಲ. ಎಲ್ಲರಿಗೂ ಬಡಿಸಿ, ತಾವು ಕೊನೆಗೆ ಕೂತು, ಎರಡು ತುತ್ತಿಗೇ ಸಾಕೆನ್ನುವವರನ್ನು ನಾವು ತ್ಯಾಗಮೂರ್ತಿಗಳೆಂದು ಹೊಗಳಿ ಮುಗಿಸುತ್ತೇವೆ. ಹಾಗೆ ಕೊನೆಗೆ ಕೂರುವುದು ಎಷ್ಟೋ ಮನೆಗಳಲ್ಲಿ ಹೆಂಗಸರ ಪಾಲಿಗೆ ಬಂದ ಅನ್ಯಾಯವೇ ಸರಿ, ಅದನ್ನು ಹೊಗಳಿಕೆಯಿಂದ ಮುಚ್ಚಬಾರದು. ಆದರೆ ಹಸಿವಿಲ್ಲದಿರುವುದಕ್ಕೆ ದೇಹದ ಕಾರಣವೂ ಇದೆ. ಒಂದೇ ವಾಸನೆಯನ್ನು ಎಡೆಬಿಡದೆ ಹೀರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುತ್ತದೆ. ಎರಡು ಗಂಟೆ ಆವಿಯಲ್ಲಿ ನಿಂತವರಿಗೆ ತಮ್ಮದೇ ಅಡುಗೆ ಸಪ್ಪೆಯಾಗಿ ತೋರುತ್ತದೆ; ಮರುದಿನ ಅದನ್ನೇ ಬಿಸಿಮಾಡಿ ತಿಂದರೆ "ಅರೆ, ಚೆನ್ನಾಗಿಯೇ ಇದೆಯಲ್ಲ" ಅನ್ನಿಸುತ್ತದೆ. ಬಡಿಸುವ ಮೊದಲು ಹತ್ತು ನಿಮಿಷ ಹೊರಗೆ ಗಾಳಿಗೆ ಹೋಗಿ ಬಂದರೆ ಉಪ್ಪು ಹುಳಿ ಸರಿನೋಡಲೂ ಅನುಕೂಲ, ಎಲ್ಲರ ಜೊತೆ ಕೂತು ಉಣ್ಣಲೂ ಮನಸ್ಸಾಗುತ್ತದೆ.

"ಅಮ್ಮನ ಕೈರುಚಿ ನನಗೆ ಬರಲೇ ಇಲ್ಲ" ಎಂಬ ಕೊರಗಿನಲ್ಲೂ ಇದರ ಪಾಲಿದೆಯೆಂದು ನನ್ನ ಗುಮಾನಿ. ಅವರು ಮಾಡಿದ್ದನ್ನು ನಾವು ಆಟವಾಡಿ ಹಸಿದು ಬಂದು, ತಾಜಾ ಮೂಗಿನಿಂದ ತಿಂದಿದ್ದೆವು. ಈಗ ನಾವೇ ಒಲೆಯ ಮುಂದೆ ನಿಂತು, ಆ ಕಂಪನ್ನು ಮೂಗಿನಲ್ಲೇ ಖರ್ಚು ಮಾಡಿಕೊಂಡು, ಆಮೇಲೆ ತಟ್ಟೆಯಲ್ಲಿ ಹುಡುಕುತ್ತೇವೆ. ಪಾತ್ರೆ ಬೇರೆ, ಉರಿ ಬೇರೆ, ನೀರು ಬೇರೆ, ಅಳತೆಯೂ ಬೇರೆ ಎನ್ನುವ ಕಾರಣಗಳಂತೂ ಇದ್ದೇ ಇವೆ. ಹಿರಿಯರು ಇರುವಾಗಲೇ ಅವರ ಕಣ್ಣಳತೆಯನ್ನು ಹಿಡಿದಿಡುವುದು ಒಳ್ಳೆಯದು. ಅವರನ್ನು ಕೂರಿಸಿ ಎಷ್ಟು ಚಮಚ ಎಂದು ಕೇಳಿದರೆ ಏನೋ ಒಂದು ಹೇಳುತ್ತಾರೆ. ಅದಕ್ಕಿಂತ ಅವರು ಮಾಡುವಾಗ ಪಕ್ಕದಲ್ಲಿ ನಿಂತು, ಹಿಡಿಯಲ್ಲಿ ತೆಗೆದದ್ದನ್ನು ಪಾತ್ರೆಗೆ ಬೀಳುವ ಮೊದಲು ತಕ್ಕಡಿಗೆ ಹಾಕಿ ತೂಕ ಬರೆದುಕೊಳ್ಳಬೇಕು. ನಿಮಿಷಗಳ ಜೊತೆಗೆ ಸದ್ದು, ಬಣ್ಣ, ವಾಸನೆ ಯಾವಾಗ ಬದಲಾಯಿತು ಎನ್ನುವುದನ್ನೂ ಬರೆಯಬೇಕು. ಬಳಿಕ ಆ ಚೀಟಿಯನ್ನು ಮನೆಯಲ್ಲಿ ಬೇರೆ ಯಾರ ಕೈಗಾದರೂ ಕೊಟ್ಟು ನೀವು ಪೇಟೆಗೆ ಹೋಗಿಬನ್ನಿ; ಹಸಿದು ಬಂದು, ಅವರು ಮಾಡಿದ್ದನ್ನು ತಿಂದು, ಏನು ಕಡಿಮೆಯಾಗಿದೆಯೋ ಆಗ ಚೀಟಿ ತಿದ್ದಿ.